ಆ ವಾರ ಕೀಲಿ ನನ್ನ ಹತ್ತಿರ ಇತ್ತು

ಸಂಪಾದಕರಿಗೆ ನಮಸ್ಕಾರ.

ಡಿಸೆಂಬರ್ ಬಂತೆಂದರೆ ಪತ್ರಿಕೆಗಳಲ್ಲಿ ಧ್ಯಾನದ ಬರಹಗಳು ಶುರುವಾಗುತ್ತವೆ. ವಿಶ್ವಸಂಸ್ಥೆ 2024ರಲ್ಲಿ ಡಿಸೆಂಬರ್ 21ನ್ನು ವಿಶ್ವ ಧ್ಯಾನ ದಿನ ಅಂತ ಘೋಷಿಸಿದ ಮೇಲೆ ಇನ್ನೂ ಜಾಸ್ತಿ. ಒಳ್ಳೆಯದೇ, ಬರಲಿ. ಆದರೆ ಆ ಬರಹಗಳ ಜೊತೆಗೆ ಹಾಕುವ ಚಿತ್ರ ನೋಡಿ. ಯಾವಾಗಲೂ ಒಬ್ಬರೇ ಕೂತಿರುತ್ತಾರೆ. ಕಿವಿಯಲ್ಲಿ ಇಯರ್‌ಫೋನ್, ಹಿಂದೆ ಬೆಟ್ಟವೋ ಸಮುದ್ರವೋ ಇರುತ್ತದೆ. ದಿನಕ್ಕೆ ಹತ್ತು ನಿಮಿಷ ಕೂತರೆ ಸಾಕು, ಟೆನ್ಶನ್ ಹೋಗುತ್ತದೆ, ಖುಷಿ ಬರುತ್ತದೆ ಅಂತ ಬರೆದಿರುತ್ತದೆ. ಇದನ್ನು ಓದಿದಾಗಲೆಲ್ಲ ಒಂದು ಮಾತು ಹೇಳಬೇಕು ಅನಿಸುತ್ತಿತ್ತು. ಈಗ ಹೇಳಲೇಬೇಕಾದ ಕಾರಣವೂ ಬಂದಿದೆ. ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಜಾಗ ಕೊಡಿ.

ಬುದ್ಧ ಹೇಳಿಕೊಟ್ಟ ಧ್ಯಾನದಿಂದ ಖುಷಿ ಸಿಗುತ್ತದೆ, ಅದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ಅದು ಉಳಿಯಬೇಕಾದರೆ ಜೊತೆಗೆ ಕೂರುವ ಜನ ಬೇಕು. ವಾರ ವಾರವೂ ಅದೇ ಜನ, ಅದೇ ಹೊತ್ತು. ಮನಸ್ಸಾದರೆ ಬರುತ್ತೇನೆ ಅನ್ನುವ ಗುಂಪಲ್ಲ, ಬರುತ್ತೇನೆ ಅಂತ ಮಾತು ಕೊಟ್ಟು ಬರುವ ಗುಂಪು.

ನಾನು ಮೈಸೂರಿನವಳು, ಒಂದು ಆಫೀಸಿನ ಅಕೌಂಟ್ಸ್ ವಿಭಾಗದಲ್ಲಿ ಕೆಲಸ. 2014ರಲ್ಲಿ ಬೆಂಗಳೂರಿನ ಹೊರಗೆ ಆಲೂರಿನಲ್ಲಿರುವ ವಿಪಸ್ಸನ ಕೇಂದ್ರಕ್ಕೆ ಹೋಗಿ ಹತ್ತು ದಿನದ ಶಿಬಿರ ಮುಗಿಸಿದೆ. ಬೆಳಗ್ಗೆ 4 ಗಂಟೆಗೆ ಗಂಟೆ ಹೊಡೆಯುತ್ತಾರೆ. ಮಾತಿಲ್ಲ, ಫೋನಿಲ್ಲ, ಪುಸ್ತಕವೂ ಇಲ್ಲ. ಮೊದಲ ಮೂರು ದಿನ ಮೂಗಿನ ಹತ್ತಿರ ಉಸಿರು ಹೋಗಿ ಬರುವುದನ್ನು ನೋಡುವುದು ಅಷ್ಟೇ, ನಾಲ್ಕನೇ ದಿನದಿಂದ ಮೈಯಲ್ಲಿ ಏಳುವ ನೋವು, ಉರಿ, ಜುಮ್ಮು ಎಲ್ಲವನ್ನೂ ಬೇಕು ಬೇಡ ಅನ್ನದೆ ನೋಡುವುದು. ಹತ್ತನೇ ದಿನ ಮೌನ ಬಿಡಿಸಿ ಮೈತ್ರಿ, ಅಂದರೆ ಎಲ್ಲರಿಗೂ ಒಳ್ಳೆಯದು ಬಯಸುವ ಧ್ಯಾನ, ಹೇಳಿಕೊಡುತ್ತಾರೆ. ಊಟ, ವಸತಿ, ಪಾಠ ಯಾವುದಕ್ಕೂ ಶುಲ್ಕ ಇಲ್ಲ, ಮೊದಲು ಕಲಿತು ಹೋದವರು ಕೊಟ್ಟ ದಾನದಲ್ಲಿ ನಡೆಯುತ್ತದೆ. ಅಲ್ಲಿಂದ ಬಸ್ಸಿನಲ್ಲಿ ಮೈಸೂರಿಗೆ ಬರುವಾಗ ಕಿಟಕಿ ಪಕ್ಕ ಕೂತು ಸುಮ್ನೆ ಕಣ್ಣೀರು ಬಂತು. ದುಃಖದ್ದಲ್ಲ. ಅಷ್ಟು ಹಗುರ ಆಗಿದ್ದೆ.

ಆ ಹಗುರ ಎಷ್ಟು ದಿನ ಉಳಿಯಿತು? ಮೊದಲ ತಿಂಗಳು ಬೆಳಗ್ಗೆ ಸಂಜೆ ಒಂದೊಂದು ಗಂಟೆ ಕೂತೆ. ಆಮೇಲೆ ಬೆಳಗ್ಗೆ ಮಾತ್ರ. ಆಮೇಲೆ ಅಡುಗೆ, ಮಗನ ಟಿಫಿನ್, ಮಾರ್ಚ್ ತಿಂಗಳ ಲೆಕ್ಕ. ನಾಲ್ಕನೇ ತಿಂಗಳಿಗೆ ಪೂರ್ತಿ ನಿಂತೇ ಹೋಯಿತು. ಹೊರಡುವಾಗ ಶಿಬಿರದಲ್ಲಿ ಬಿಡಿಸಿ ಹೇಳಿದ್ದರು, ವಾರಕ್ಕೊಮ್ಮೆ ಬೇರೆ ಸಾಧಕರ ಜೊತೆ ಕೂತುಕೊಳ್ಳಿ ಅಂತ. ನಾನು ಅದನ್ನು ಕಿವಿಗೆ ಹಾಕಿಕೊಂಡಿರಲಿಲ್ಲ. ಧ್ಯಾನ ಅಂದರೆ ನನ್ನ ಒಳಗಿನ ವಿಷಯ, ಅದಕ್ಕೆ ಬೇರೆಯವರು ಯಾಕೆ ಅಂದುಕೊಂಡಿದ್ದೆ.

ಮೂರು ವರ್ಷ ಹಾಗೇ ಕಳೆಯಿತು. 2017ರಲ್ಲಿ ಜೊತೆಗೆ ಕೆಲಸ ಮಾಡುವ ಒಬ್ಬರು ತಮ್ಮ ಗುಂಪಿಗೆ ಕರೆದುಕೊಂಡು ಹೋದರು. ನಮ್ಮದು ಯಾವ ಕೇಂದ್ರದ ಶಾಖೆಯೂ ಅಲ್ಲ. ಗುರುಗಳಿಲ್ಲ, ಬೋರ್ಡಿಲ್ಲ, ಹಣದ ವ್ಯವಹಾರ ಇಲ್ಲ. ಹನ್ನೊಂದು ಜನ. ಒಬ್ಬರು ನಿವೃತ್ತ ಮೇಷ್ಟ್ರು, ಒಬ್ಬರು ನರ್ಸ್, ಇಬ್ಬರು ಇಂಜಿನಿಯರ್‌ಗಳು, ಒಬ್ಬರು ಆಟೋ ಓಡಿಸುತ್ತಾರೆ. ಟ್ಯೂಷನ್ ನಡೆಯುವ ಒಂದು ಮಹಡಿ ಕೋಣೆ ಭಾನುವಾರ ಖಾಲಿ ಇರುತ್ತಿತ್ತು, ಅದನ್ನು ಮಾಲೀಕರು ಬಿಟ್ಟುಕೊಟ್ಟಿದ್ದರು. ಬೆಳಗ್ಗೆ 7ಕ್ಕೆ ಬಾಗಿಲು. 45 ನಿಮಿಷ ಉಸಿರಿನ ಧ್ಯಾನ, ಕಾಲು ಗಂಟೆ ಮೈತ್ರಿ. ಆಮೇಲೆ ಟೀ. ಟೀ ಕುಡಿಯುತ್ತಾ ಹೇಳಿಕೊಳ್ಳಬೇಕು ಅನಿಸಿದವರು ಮೂರು ನಿಮಿಷ ಮಾತಾಡಬಹುದು. ಉಳಿದವರು ಕೇಳಬೇಕು. ಸಲಹೆ ಕೊಡುವ ಹಾಗಿಲ್ಲ! ನಮ್ಮ ಜನಕ್ಕೆ ಇದು ಎಷ್ಟು ಕಷ್ಟ ಅಂತ ನಿಮಗೂ ಗೊತ್ತಿರುತ್ತೆ.

ಬರಲು ಆಗದಿದ್ದರೆ ಶನಿವಾರ ರಾತ್ರಿಯೊಳಗೆ ಒಬ್ಬರಿಗಾದರೂ ಫೋನ್ ಮಾಡಿ ಹೇಳಬೇಕು, ಅದೊಂದು ಕಟ್ಟುನಿಟ್ಟು. ಕೀಲಿ ಮನೆಯಿಂದ ಮನೆಗೆ ತಿರುಗುತ್ತದೆ. ಕೀಲಿ ಇದ್ದವರು ಮೊದಲು ಬಂದು ಬಾಗಿಲು ತೆಗೆದು ಕಸ ಗುಡಿಸಿ ಚಾಪೆ ಹಾಸಬೇಕು, ಕೊನೆಗೆ ಹೊರಡುವವರು ಲೋಟ ತೊಳೆದಿಡಬೇಕು.

ಈ ಲೋಟ ತೊಳೆಯುವ ನಿಯಮ ಎಲ್ಲಿಂದ ಬಂತು ಅಂತ ಒಂದು ಸಲ ಕೇಳಿದೆ. ಮೇಷ್ಟ್ರು ಪಾಳಿ ಭಾಷೆಯ ಸುತ್ತಗಳಲ್ಲಿ, ಅಂದರೆ ಬುದ್ಧನ ಉಪದೇಶಗಳಲ್ಲಿ, ಬರುವ ಕಥೆ ಹೇಳಿದರು. ಅನುರುದ್ಧ, ನಂದಿಯ, ಕಿಂಬಿಲ ಅಂತ ಮೂವರು ಭಿಕ್ಷುಗಳು ಗೋಸಿಂಗ ಅನ್ನುವ ಸಾಲ ಮರಗಳ ಕಾಡಿನಲ್ಲಿದ್ದರು. ಬುದ್ಧ ಅಲ್ಲಿಗೆ ಹೋಗಿ ಕೇಳುತ್ತಾನೆ, ನೀವು ಜಗಳ ಇಲ್ಲದೆ, ಹಾಲು ನೀರು ಬೆರೆತ ಹಾಗೆ ಹೇಗಿದ್ದೀರಿ ಅಂತ. ಅನುರುದ್ಧ ದೊಡ್ಡ ತತ್ವ ಏನೂ ಹೇಳುವುದಿಲ್ಲ. ಇಂಥವರ ಜೊತೆ ಇರುವುದು ನನ್ನ ಭಾಗ್ಯ ಅಂದುಕೊಳ್ಳುತ್ತೇನೆ, ನನಗೆ ಬೇಕಾದ್ದನ್ನು ಬದಿಗಿಟ್ಟು ಇವರಿಗೆ ಬೇಕಾದ್ದನ್ನು ಮಾಡಿದರೇನು ಅಂದುಕೊಳ್ಳುತ್ತೇನೆ ಅನ್ನುತ್ತಾನೆ. ಆಮೇಲೆ ಮನೆಗೆಲಸದ ವಿವರ ಬರುತ್ತದೆ. ಭಿಕ್ಷೆಯಿಂದ ಮೊದಲು ಬಂದವನು ಆಸನ ಹಾಕಿ ನೀರು ಇಡುತ್ತಾನೆ, ಕೊನೆಗೆ ಬಂದವನು ಎಲ್ಲ ತೆಗೆದು ಗುಡಿಸುತ್ತಾನೆ, ಗಡಿಗೆಯಲ್ಲಿ ನೀರಿಲ್ಲ ಅಂದರೆ ಕಂಡವನು ತುಂಬುತ್ತಾನೆ, ಎತ್ತಲು ಭಾರ ಆದರೆ ಕೈಸನ್ನೆ ಮಾಡಿ ಇನ್ನೊಬ್ಬನನ್ನು ಕರೆಯುತ್ತಾನೆ, ಅದಕ್ಕಾಗಿ ಮೌನ ಮುರಿಯುವುದಿಲ್ಲ. ಐದು ದಿನಕ್ಕೊಮ್ಮೆ ರಾತ್ರಿಯಿಡೀ ಕೂತು ಧಮ್ಮದ ಮಾತಾಡುತ್ತಾರೆ. ಎರಡೂವರೆ ಸಾವಿರ ವರ್ಷದ ಹಿಂದಿನ ಮಾತು ಇದು. ಒಂದು ನೀರಿನ ಗಡಿಗೆಯ ವಿಚಾರವನ್ನೂ ಬಿಡದೆ ನೆನಪಿಟ್ಟುಕೊಂಡು ಬಂದಿದ್ದಾರೆ ಅಂದರೆ, ಅದು ಧ್ಯಾನದಷ್ಟೇ ಮುಖ್ಯ ಅಂತ ಅವರಿಗೆ ಅನಿಸಿರಬೇಕು ಅಲ್ವಾ?

ಈಗ ನನ್ನದೇ ಒಂದು ವಿಷಯ ಹೇಳುತ್ತೇನೆ.

2019ರ ಜೂನ್. ನನ್ನ ಮಗನಿಗೆ ನೀಟ್‌ನಲ್ಲಿ ಎರಡನೇ ಸಲವೂ ಸೀಟು ಸಿಗುವಷ್ಟು ಅಂಕ ಬರಲಿಲ್ಲ. ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡುತ್ತಿರಲಿಲ್ಲ. ಅದೇ ಪರೀಕ್ಷೆಯಲ್ಲಿ ನಮ್ಮ ಗುಂಪಿನ ಒಬ್ಬ ಗೆಳತಿಯ ಮಗಳಿಗೆ ಬಹಳ ಒಳ್ಳೆಯ ಅಂಕ ಬಂದಿತ್ತು. ಆ ಭಾನುವಾರ ನಾನು ಹೋಗಿ ಚಾಪೆ ಮೇಲೆ ಕೂತಾಗ ಅವಳ ಬಟ್ಟೆ ಚೀಲದ ಬಾಯಿಂದ ಸಿಹಿತಿಂಡಿ ಡಬ್ಬಿಯ ಕೆಂಪು ಮೂಲೆ ಕಾಣುತ್ತಿತ್ತು. ಯಾರೋ ನನ್ನ ಮಗನ ವಿಷಯ ಅವಳ ಕಿವಿಯಲ್ಲಿ ಹೇಳಿದರು. ಅವಳು ನಿಧಾನಕ್ಕೆ ಕೈ ಹಾಕಿ ಡಬ್ಬಿಯನ್ನು ಒಳಗೆ ತಳ್ಳಿದಳು. ನಾನು ನೋಡಿದೆ. ನಾನು ನೋಡಿದ್ದು ಅವಳಿಗೂ ಗೊತ್ತಾಯಿತು. ಆ ದಿನ ಡಬ್ಬಿ ತೆರೆಯಲೇ ಇಲ್ಲ.

ಮೈತ್ರಿ ಧ್ಯಾನದಲ್ಲಿ ಮನಸ್ಸಿನಲ್ಲೇ ಹೇಳಿಕೊಳ್ಳುವುದು ನಾಲ್ಕು ಸಾಲು. ಇವರು ಸುಖವಾಗಿರಲಿ, ಆರೋಗ್ಯವಾಗಿರಲಿ, ಇವರಿಗೆ ಭಯ ಬಾರದಿರಲಿ, ನೆಮ್ಮದಿಯಿಂದ ಬಾಳಲಿ. ಅಷ್ಟೇ. ಆವತ್ತು ಅವಳ ಮುಖ ಕಣ್ಣ ಮುಂದೆ ಬಂದಾಗ ಮೊದಲ ಸಾಲೂ ಬರಲಿಲ್ಲ. ಎದೆಯ ನಡುವೆ ಕೆಂಡ ಇಟ್ಟ ಹಾಗೆ ಉರಿ. ಎರಡು ವರ್ಷ ಧ್ಯಾನ ಮಾಡಿ ನನ್ನೊಳಗೆ ಇನ್ನೂ ಇಷ್ಟು ಹೊಟ್ಟೆಕಿಚ್ಚು ಇದೆಯಲ್ಲ ಅಂತ ಇನ್ನೊಂದು ಸಂಕಟ. ಮನೆಗೆ ಬಂದು, ಇನ್ನು ಹೋಗುವುದು ಬೇಡ ಅಂತ ತೀರ್ಮಾನ ಮಾಡಿದೆ. ಒಬ್ಬಳೇ ಮನೆಯಲ್ಲಿ ಕೂತರಾಯಿತು ಅಂದುಕೊಂಡೆ.

ಆದರೆ ಆ ವಾರ ಕೀಲಿ ನನ್ನ ಹತ್ತಿರ ಇತ್ತು.

ಶನಿವಾರ ರಾತ್ರಿ ಕೀಲಿಯನ್ನು ಬೇರೆಯವರ ಮನೆಗೆ ಕೊಟ್ಟು ಬರೋಣ ಅಂತ ಚಪ್ಪಲಿ ಹಾಕಿದೆ. ಕೊಟ್ಟರೆ ಯಾಕೆ ಅಂತ ಕೇಳುತ್ತಾರೆ, ಏನು ಹೇಳಲಿ? ಚಪ್ಪಲಿ ಬಿಟ್ಟೆ. ಬೆಳಗ್ಗೆ ಆರೂವರೆಗೆ ಹೋಗಿ ಬಾಗಿಲು ತೆಗೆದೆ. ಗುಡಿಸಿದೆ, ಹನ್ನೊಂದು ಚಾಪೆ ಹಾಸಿದೆ, ಅವಳದ್ದೂ ಸೇರಿ. ಅವಳ ಚಾಪೆಯ ಅಂಚು ಮಡಚಿಕೊಂಡಿತ್ತು, ಅದನ್ನು ಅಂಗೈಯಲ್ಲಿ ಒತ್ತಿ ನೆಟ್ಟಗೆ ಮಾಡಿದೆ. ಏನೋ ಸ್ವಲ್ಪ ಸಡಿಲ ಆದ ಹಾಗೆ ಅನಿಸಿತು. ಜಾಸ್ತಿ ಅಲ್ಲ, ಸ್ವಲ್ಪ. ಆವತ್ತು ಟೀ ಹೊತ್ತಿಗೆ ಮೂರು ನಿಮಿಷದಲ್ಲಿ ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟೆ, ಅವಳ ಎದುರೇ. ಯಾರೂ ಸಮಾಧಾನ ಮಾಡಲಿಲ್ಲ, ಬುದ್ಧಿ ಹೇಳಲಿಲ್ಲ. ಕೇಳಿದರು. ಅವಳು ತಲೆ ತಗ್ಗಿಸಿ ಅಳುತ್ತಿದ್ದಳು.

ಇನ್ನೂ ಎರಡು ಭಾನುವಾರ ಬೇಕಾಯಿತು. ಮೂರನೇ ಭಾನುವಾರ ನಾನೇ ಅವಳನ್ನು ಕೇಳಿದೆ, "ಪೇಡ ಎಲ್ಲಿ?" ಮುಂದಿನ ವಾರ ತಂದಳು. ನಾನೇ ಡಬ್ಬಿ ಹಿಡಿದು ಎಲ್ಲರಿಗೂ ಹಂಚಿದೆ. ಅವಳ ಮಗಳು ಡಾಕ್ಟರ್ ಆಗುತ್ತಾಳೆ ಅಂತ ನಿಜವಾಗಿಯೂ ಖುಷಿ ಆಯಿತು, ಆ ಖುಷಿಯಲ್ಲಿ ನನ್ನ ಮಗನ ಬಗ್ಗೆ ಇದ್ದ ದುಃಖವೂ ಸ್ವಲ್ಪ ಹಗುರವಾಯಿತು. ಇದಕ್ಕೆ ಬುದ್ಧನ ಮಾತಿನಲ್ಲಿ ಮುದಿತಾ ಅಂತ ಹೆಸರು, ಬೇರೆಯವರ ಒಳ್ಳೆಯದನ್ನು ಕಂಡು ಸಂತೋಷಪಡುವುದು. ಮೈತ್ರಿ, ಕರುಣೆ, ಮುದಿತಾ, ಉಪೇಕ್ಷೆ (ಅಂದರೆ ಸಮಚಿತ್ತ) ಅಂತ ನಾಲ್ಕು ಹೇಳುತ್ತಾರೆ. ಮೂರನೆಯದು ನನಗೆ ಎಲ್ಲಕ್ಕಿಂತ ಕಷ್ಟದ್ದು. ಮುದಿತಾ ಕಲಿಯಬೇಕಾದರೆ ಎದುರಿಗೆ ಇನ್ನೊಬ್ಬರು ಇರಬೇಕು. ಅವರಿಗೆ ಒಳ್ಳೆಯದಾಗಬೇಕು, ನನಗೆ ಉರಿಯಬೇಕು, ಆದರೂ ಮುಂದಿನ ವಾರ ಅದೇ ಕೋಣೆಯಲ್ಲಿ ಅವರ ಪಕ್ಕದಲ್ಲೇ ಕೂರಬೇಕು. ಫೋನಿನ ಧ್ಯಾನದ ಆ್ಯಪ್‌ನಲ್ಲಾದರೆ ಅದನ್ನು ಆಫ್ ಮಾಡಿಬಿಡುತ್ತಿದ್ದೆ, ಅಲ್ಲಿಗೆ ಮುಗಿಯುತ್ತಿತ್ತು.

ಬುದ್ಧನ ಶಿಷ್ಯ ಆನಂದ ಒಂದು ಸಲ ಬುದ್ಧನಿಗೆ, ಒಳ್ಳೆಯ ಗೆಳೆತನ ಅಂದರೆ ಈ ದಾರಿಯ ಅರ್ಧದಷ್ಟು ಅಂತ ಹೇಳುತ್ತಾನೆ. ಹಾಗನ್ನಬೇಡ ಆನಂದ, ಅರ್ಧವಲ್ಲ, ಪೂರ್ತಿ ದಾರಿಯೇ ಅದು ಅಂತ ಬುದ್ಧ ತಿದ್ದುತ್ತಾನೆ. ಕಲ್ಯಾಣಮಿತ್ರರು ಅನ್ನುತ್ತಾರೆ ಅಂಥವರನ್ನು. ಬುದ್ಧಂ, ಧಮ್ಮಂ ಆದ ಮೇಲೆ ಸಂಘಂ ಶರಣಂ ಗಚ್ಛಾಮಿ ಅಂತ ಬರುವುದು ನಮಗೆಲ್ಲ ಬಾಯಿಪಾಠ. ಬರಹಗಳಲ್ಲಿ ಮಾತ್ರ ಆ ಮೂರನೆಯದು ಮರೆತುಹೋಗುತ್ತದೆ.

ಖುಷಿ ಅನ್ನುವ ಮಾತಿನ ಬಗ್ಗೆಯೂ ಸ್ವಲ್ಪ ಹೇಳಬೇಕು. ಶಿಬಿರದಿಂದ ಬರುವಾಗ ಬಸ್ಸಿನಲ್ಲಿ ನನಗಾಗಿದ್ದು ಒಂದು ಬಗೆ, ಪೇಡ ಹಂಚುವಾಗ ಆಗಿದ್ದು ಇನ್ನೊಂದು ಬಗೆ. 5ನೇ ಶತಮಾನದಲ್ಲಿ ಶ್ರೀಲಂಕಾದಲ್ಲಿ ಕೂತು ಧ್ಯಾನದ ಬಗ್ಗೆ ದೊಡ್ಡ ಗ್ರಂಥ ಬರೆದ ಬುದ್ಧಘೋಷ ಈ ಎರಡನ್ನೂ ಬಿಡಿಸಿ ತೋರಿಸುತ್ತಾನೆ. ಮರಳುಗಾಡಿನಲ್ಲಿ ನಡೆದು ಸುಸ್ತಾದವನಿಗೆ ದೂರದಲ್ಲಿ ನೀರು ಕಂಡಾಗ ಆಗುವುದು ಪೀತಿ. ಆ ನೀರು ಕುಡಿದು ನೆರಳಲ್ಲಿ ಕೂತಾಗ ಆಗುವುದು ಸುಖ. ಬಸ್ಸಿನ ಖುಷಿ ನೀರು ಕಂಡ ಖುಷಿ. ಅದೂ ಬೇಕು, ಇಲ್ಲದಿದ್ದರೆ ಯಾರೂ ನಡೆಯುವುದೇ ಇಲ್ಲ. ಆದರೆ ಜನ ಅದನ್ನೇ ಹುಡುಕಿಕೊಂಡು ಶಿಬಿರದಿಂದ ಶಿಬಿರಕ್ಕೆ ಹೋಗುವುದನ್ನು ನೋಡಿದ್ದೇನೆ. ನೆರಳಲ್ಲಿ ಕೂರುವ ಸುಖ ನಿಧಾನದ್ದು, ಸದ್ದಿಲ್ಲದ್ದು. ನನಗದು ಸಿಕ್ಕಿದ್ದು ಆ ಟ್ಯೂಷನ್ ಕೋಣೆಯಲ್ಲಿ.

ಅದೇ ಬುದ್ಧಘೋಷ ಮೈತ್ರಿ ಕಲಿಯುವುದಕ್ಕೆ ಒಂದು ಕ್ರಮ ಹೇಳುತ್ತಾನೆ. ಮೊದಲು ನಿಮಗೆ ನೀವೇ ಒಳ್ಳೆಯದು ಬಯಸಿ, ಆಮೇಲೆ ಗೌರವಿಸುವವರಿಗೆ, ಪ್ರೀತಿಯ ಗೆಳೆಯರಿಗೆ, ಆಮೇಲೆ ಪ್ರೀತಿಯೂ ಇಲ್ಲದ ದ್ವೇಷವೂ ಇಲ್ಲದ ಮಧ್ಯಸ್ಥರಿಗೆ, ಕೊನೆಗೆ ಆಗದವರಿಗೆ. ನಾವು ತಿಂಗಳಿಗೆ ಒಬ್ಬ ಮಧ್ಯಸ್ಥರನ್ನು ಆರಿಸಿಕೊಳ್ಳುತ್ತೇವೆ. ನಾನು ಒಮ್ಮೆ ಹಾಲಿನ ಬೂತಿನವರನ್ನು ಆರಿಸಿಕೊಂಡೆ. ವರ್ಷಗಟ್ಟಲೆ ಅವರ ಕೈಯಿಂದ ಹಾಲು ತಗೊಂಡಿದ್ದೇನೆ, ಮುಖ ನೆನಪು ಮಾಡಿಕೊಳ್ಳಲು ಹೋದರೆ ಬರೀ ನೀಲಿ ಕ್ರೇಟು ಬರುತ್ತದೆ. ಮಾರನೇ ದಿನ ಸರಿಯಾಗಿ ನೋಡಿದೆ. ಚಿಲ್ಲರೆಯನ್ನು ಎಡಗೈಯಲ್ಲೇ ಎಣಿಸುತ್ತಾರೆ, ಬಲಗೈಯ ಎರಡು ಬೆರಳು ಮಡಚುವುದಿಲ್ಲ. ಲೇತ್‌ನಲ್ಲಿ ಕೆಲಸ ಮಾಡುವಾಗ ಆದದ್ದಂತೆ. ಈಗ ನಾನು ಚಿಲ್ಲರೆ ಸರಿಯಾಗಿ ತೆಗೆದುಕೊಂಡೇ ಹೋಗುತ್ತೇನೆ.

ಇಂಥ ಗುಂಪು ಅಂದರೆ ಕೆಲಸ ಕಾರ್ಯ ಇಲ್ಲದವರದ್ದು ಅಂತ ಕೆಲವರು ಹೇಳುತ್ತಾರೆ. ಆದರೆ ನಾನು ಹೋಗಿದ್ದಂಥ ಶಿಬಿರಗಳನ್ನು ಭಾರತದಲ್ಲಿ ಶುರು ಮಾಡಿದ ಗೋಯೆಂಕಾ ಅವರಿಗೆ ವಿಪಸ್ಸನ ಕಲಿಸಿದ ಸಯಾಜಿ ಊ ಬಾ ಖಿನ್ ಬರ್ಮಾ ಸರ್ಕಾರದಲ್ಲಿ ಅಕೌಂಟೆಂಟ್ ಜನರಲ್ ಆಗಿದ್ದರು. ಸಂಸಾರಸ್ಥರು. ತಮ್ಮ ಆಫೀಸಿನಲ್ಲೇ ನೌಕರರಿಗಾಗಿ ಧ್ಯಾನದ ಸಂಘ ಕಟ್ಟಿದರು, 1952ರಲ್ಲಿ ರಂಗೂನಿನಲ್ಲಿ ಧ್ಯಾನ ಕೇಂದ್ರ ಶುರು ಮಾಡಿದರು. ಅವರ ಶಿಷ್ಯ ಗೋಯೆಂಕಾ 1969ರಲ್ಲಿ ಭಾರತಕ್ಕೆ ಬಂದು ಕಲಿಸಲು ಶುರು ಮಾಡಿದ್ದರಿಂದ ಅದು ಆಲೂರಿನವರೆಗೆ ಬಂತು, ನನ್ನವರೆಗೂ ಬಂತು. ಲೆಕ್ಕಪತ್ರದ ಕೆಲಸ ಮಾಡುವ ನನಗೆ ಇದು ಬಹಳ ದೊಡ್ಡ ಧೈರ್ಯ.

ಇದು ನಮ್ಮ ನೆಲಕ್ಕೆ ಹೊಸದೂ ಅಲ್ಲ. ಅಶೋಕನ ಕಾಲದಲ್ಲಿ ರಕ್ಖಿತ ಅನ್ನುವ ಥೇರ (ಹಿರಿಯ ಭಿಕ್ಷು) ವನವಾಸಕ್ಕೆ, ಅಂದರೆ ನಮ್ಮ ಬನವಾಸಿ ಸೀಮೆಗೆ, ಬಂದನೆಂದು ಸಿಂಹಳದ ಮಹಾವಂಸ ಹೇಳುತ್ತದೆ. ಮಸ್ಕಿ, ಬ್ರಹ್ಮಗಿರಿಯ ಶಾಸನಗಳನ್ನು ಎಲ್ಲರೂ ಶಾಲೆಯಲ್ಲಿ ಓದಿದ್ದೇವೆ. ಸನ್ನತಿ ಹತ್ತಿರ ಕನಗನಹಳ್ಳಿಯ ಸ್ತೂಪದಲ್ಲಿ, ಆ ಕಲ್ಲುಗಳಿಗೆ ದಾನ ಕೊಟ್ಟವರ ಹೆಸರುಗಳನ್ನು ಕೆತ್ತಿದ್ದಾರೆ. ನಮ್ಮ ಗುಂಪಿನ ಒಬ್ಬರು ಕಲಬುರಗಿ ಕಡೆಯವರು. ಅವರ ಮನೆಯವರು ಬಾಬಾಸಾಹೇಬರ ದಾರಿಯಲ್ಲಿ ಬೌದ್ಧರಾದವರು. ಸಣ್ಣವರಿದ್ದಾಗ ವಿಹಾರದಲ್ಲಿ ಎಲ್ಲರ ಜೊತೆ ನಿಂತು ತ್ರಿಸರಣ ಪಂಚಶೀಲ ಹೇಳುವಾಗ ಆಗುತ್ತಿದ್ದ ಖುಷಿಯನ್ನು ಒಂದು ಸಲ ಟೀ ಹೊತ್ತಿನಲ್ಲಿ ಹೇಳಿದರು. ಊರಲ್ಲಿ ಬೇರೆ ಎಲ್ಲೂ ಅಪ್ಪ ಹಾಗೆ ನೆಟ್ಟಗೆ ನಿಲ್ಲುವುದನ್ನು ನೋಡಿರಲಿಲ್ಲ ಅಂದರು. ಅದನ್ನು ಕೇಳಿದ ಮೇಲೆ, ಧ್ಯಾನ ಬರೀ ಟೆನ್ಶನ್ ಕಳೆಯೋಕೆ ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ.

ಮೈಸೂರಿನಿಂದ ಬೈಲಕುಪ್ಪೆಗೆ ಎಲ್ಲರೂ ಹೋಗುತ್ತೇವೆ. ಗೋಲ್ಡನ್ ಟೆಂಪಲ್ ಎದುರು ಫೋಟೋ ತೆಗೆಸಿಕೊಂಡು, ಮೋಮೋ ತಿಂದು ಬರುತ್ತೇವೆ. ಮುಂದಿನ ಸಲ ಸ್ವಲ್ಪ ಹೊತ್ತು ಇದ್ದು ಅಲ್ಲಿನ ಟಿಬೆಟಿಯನ್ ಭಿಕ್ಷುಗಳ ಪೂಜೆ ನೋಡಿ. ಸಣ್ಣ ಹುಡುಗರು, ಮುದುಕರು ಸಾಲಾಗಿ ಕೂತು ಒಂದೇ ಉಸಿರಿನ ಹಾಗೆ ಮಂತ್ರ ಹೇಳುತ್ತಾರೆ. ಸೇರಾ ಮಠದ ಅಂಗಳದಲ್ಲಿ ಭಿಕ್ಷುಗಳು ಚಪ್ಪಾಳೆ ಹೊಡೆದು, ಕಾಲು ಅಪ್ಪಳಿಸಿ ವಾದ ಮಾಡುತ್ತಾರೆ. ಅವರ ಓದು, ಜಪ, ವಾದ ಎಲ್ಲ ಜೊತೆಯಲ್ಲೇ.

ಒಂದು ಎಚ್ಚರಿಕೆಯನ್ನೂ ಹೇಳಿಬಿಡುತ್ತೇನೆ. ತೀವ್ರ ಮಾನಸಿಕ ಕಾಯಿಲೆ ಇರುವವರು ಡಾಕ್ಟರನ್ನು ಕೇಳದೆ ಉದ್ದದ ಶಿಬಿರಕ್ಕೆ ಹೋಗಬಾರದು, ಮಾತ್ರೆಯನ್ನಂತೂ ನಿಲ್ಲಿಸಲೇಬಾರದು. ವಿಪಸ್ಸನ ಕೇಂದ್ರಗಳು ಅರ್ಜಿಯಲ್ಲೇ ಇದನ್ನು ಕೇಳುತ್ತವೆ, ಮುಚ್ಚಿಡಬೇಡಿ. ಗುಂಪಿನಿಂದ ಇಲ್ಲಿಯೂ ಉಪಕಾರ ಇದೆ. ನಮ್ಮಲ್ಲೊಬ್ಬರು ನಿದ್ದೆ ಬಿಟ್ಟು ಒದ್ದಾಡುತ್ತಿದ್ದಾಗ ಮೊದಲು ಗಮನಿಸಿದ್ದು ನರ್ಸ್ ಅಕ್ಕ. ಮನೆಯವರ ಜೊತೆ ಮಾತಾಡಿ ಆಸ್ಪತ್ರೆಗೆ ಕರೆದುಕೊಂಡು ಹೋದದ್ದೂ ಅವರೇ. ಒಬ್ಬರೇ ಕೋಣೆಯಲ್ಲಿ ಕೂತಿದ್ದರೆ ಯಾರು ನೋಡುತ್ತಿದ್ದರು?

ಈಗ ಪತ್ರ ಬರೆಯಲು ಕಾರಣ. ನಮ್ಮ ಟ್ಯೂಷನ್ ಕೋಣೆಯ ಕಟ್ಟಡ ಕೆಡವುತ್ತಿದ್ದಾರೆ. ಬೇರೆ ಜಾಗ ಹುಡುಕುತ್ತಾ ಒಂದು ಸಮುದಾಯ ಭವನಕ್ಕೆ ಹೋದೆವು. ವಾರಕ್ಕೆ ಒಂದೂವರೆ ಗಂಟೆ, ಮೈಕ್ ಬೇಡ, ಕುರ್ಚಿ ಬೇಡ, ಗುಡಿಸುವುದು ನಾವೇ ಅಂದೆವು. ನಾಮಕರಣಕ್ಕೆ ಮದುವೆಗೆ ಇರುವ ಬಾಡಿಗೆಯನ್ನೇ ಕೊಡಿ ಅಂದರು. ಇನ್ನೊಂದು ಕಡೆ, ಸಂಘ ನೋಂದಣಿ ಆಗಿದೆಯಾ ಅಂತ ಕೇಳಿದರು. ಹನ್ನೊಂದು ಜನ ಸುಮ್ಮನೆ ಕೂರುವುದಕ್ಕೆ ನೋಂದಣಿ ಯಾಕೆ ಬೇಕು ಅಂತ ನನಗೆ ಇವತ್ತಿಗೂ ಅರ್ಥ ಆಗಿಲ್ಲ.

ನಮ್ಮ ಊರುಗಳಲ್ಲಿ ಭಾನುವಾರ ಬೆಳಗ್ಗೆ ಬೀಗ ಹಾಕಿರುವ ಶಾಲೆಯ ಕೋಣೆಗಳು ಎಷ್ಟಿವೆ! ವಾರ್ಡಿನ ಭವನಗಳು, ಲೈಬ್ರರಿಯ ಹಾಲ್‌ಗಳು ಎಷ್ಟಿವೆ! ಧ್ಯಾನಕ್ಕೇ ಆಗಬೇಕು ಅಂತಲೂ ಇಲ್ಲ. ಭಜನೆ ಮಂಡಳಿಯವರು ಬರಲಿ, ಓದುವ ಬಳಗದವರು ಬರಲಿ, ಕುಡಿತ ಬಿಡಲು ಒದ್ದಾಡುವವರ ಗುಂಪು ಬರಲಿ. ಹಣ ಕೇಳದೆ, ವ್ಯಾಪಾರ ಮಾಡದೆ ವಾರ ವಾರ ಸೇರುವವರಿಗೆ ಒಂದು ಕೋಣೆಯ ಕೀಲಿ ಕೊಡಿ ಅಂತ ಪಾಲಿಕೆ ಸದಸ್ಯರನ್ನು, ಶಾಲೆಗಳ ಆಡಳಿತದವರನ್ನು ನಿಮ್ಮ ಪತ್ರಿಕೆಯ ಮೂಲಕ ಕೇಳಿಕೊಳ್ಳುತ್ತೇನೆ. ಮುಂದಿನ ಡಿಸೆಂಬರ್‌ನಲ್ಲಿ ಧ್ಯಾನದ ಬಗ್ಗೆ ಪುರವಣಿ ಮಾಡುವಾಗ ಸಂಪಾದಕರು ಇಂಥ ಒಂದು ಗುಂಪಿಗೆ ನಿಮ್ಮ ವರದಿಗಾರರನ್ನು ಕಳಿಸಿ. ಒಂದು ಸಲಕ್ಕೆ ಬೇಡ, ನಾಲ್ಕು ಭಾನುವಾರ ಬಂದು ಕೂರಲಿ, ಆಮೇಲೆ ಬರೆಯಲಿ.

ಓದುಗರಿಗೂ ಒಂದು ಮಾತು. ಹನ್ನೊಂದು ಜನ ಬೇಕಿಲ್ಲ, ಮೂರು ಜನ ಸಾಕು, ಅನುರುದ್ಧ ನಂದಿಯ ಕಿಂಬಿಲರೂ ಮೂವರೇ. ದಿನ ಗೊತ್ತು ಮಾಡಿ, ಒಂದು ವರ್ಷ ತಪ್ಪಿಸುವುದಿಲ್ಲ ಅಂತ ಒಬ್ಬರಿಗೊಬ್ಬರು ಮಾತು ಕೊಡಿ. ಲಾಕ್‌ಡೌನ್ ಹೊತ್ತಿನಲ್ಲಿ ನಾವು ನಮ್ಮ ನಮ್ಮ ಮನೆಯಲ್ಲೇ 7 ಗಂಟೆಗೆ ಕೂತು, 8ಕ್ಕೆ ಒಬ್ಬರಿಗೊಬ್ಬರು ಫೋನ್ ಮಾಡಿ "ಕೂತೆ" ಅಂತ ಒಂದೇ ಮಾತು ಹೇಳುತ್ತಿದ್ದೆವು. ಅಷ್ಟಕ್ಕೇ ದಿನ ಸಾಗುತ್ತಿತ್ತು.

ಸದ್ಯಕ್ಕೆ ಮೇಷ್ಟ್ರ ಮನೆಯ ಕಾರ್ ಶೆಡ್‌ನಲ್ಲಿ ಸೇರುತ್ತಿದ್ದೇವೆ. ಒತ್ತಾಗಿ ಹಾಸಿದರೆ ಹನ್ನೊಂದು ಚಾಪೆ ಹಿಡಿಯುತ್ತವೆ. ಮಳೆ ಬಂದರೆ ಎರಚಲು ಹೊಡೆಯುತ್ತದೆ, ಮುಂದಿನ ಸಾಲಿನವರು ಹಿಂದೆ ಸರಿದು ಎಲ್ಲರೂ ಭುಜಕ್ಕೆ ಭುಜ ತಾಗಿಸಿ ಕೂರುತ್ತೇವೆ. ಈ ಭಾನುವಾರ ಚಾಪೆ ಹಾಸುವ ಸರದಿ ನನ್ನದು.

ಇಂತಿ,
ನಿಮ್ಮ ಓದುಗರು, ಮೈಸೂರು